ಶಾಹಿದಾ ಆಪಾ ಉಣ್ಣುವ ಹೊತ್ತು

ಮೊನ್ನೆ ಆಳಂದ ಬಸ್ ಸ್ಟ್ಯಾಂಡಿನಲ್ಲಿ ನನಗೆ ಸಿಟ್ಟು ನೆತ್ತಿಗೇರಿತ್ತು. ಮಾದನಹಿಪ್ಪರಗಾದ ಶಾಲೆ ಮುಗಿಸಿ ಬಸ್ಸಿನಲ್ಲಿ ನಿಂತೇ ಬಂದಿದ್ದೆ. ಹೊಟ್ಟೆ ಚುರುಗುಟ್ಟುತ್ತಿತ್ತು. ಮಹಬೂಬ ಭಾಯಿಯ ಮಿರ್ಚಿ ಭಜಿ ಬಂಡಿ ಇತ್ತು, ಭಾಯಿ ಇರಲಿಲ್ಲ. ಒಲೆ ಆರಿತ್ತು. ಹೊತ್ತು ಮುಳುಗುವಾಗಲೇ ಅಲ್ಲವೇ ಭಜಿಗೆ ಜನ ಮುಗಿಬೀಳುವುದು? ಆಗಲೇ ಬಂಡಿ ಬಿಟ್ಟು ಹೋಗುವುದೇ?

"ಊಟಕ್ಕ ಮನಿಗಿ ಹೋಗ್ಯಾರ್ರಿ ಟೀಚರ್ರ, ಈಗ ಬರ್ತಾರ್ರಿ," ಎಂದ ಪಕ್ಕದ ಚಹಾದವನು.

ಅವರ ಮನೆ ನಮ್ಮ ಗೋಡೆಗೆ ಅಂಟಿಕೊಂಡೇ ಇದೆ. ನೇರ ಅಲ್ಲಿಗೇ ಹೋದೆ. (ಹಸಿದವಳಿಗೆ ಮರ್ಯಾದೆ ಎಲ್ಲಿಂದ ಬರಬೇಕು?)

ಭಾಯಿ, ಅವರ ಹೆಂಡತಿ ಶಾಹಿದಾ ಆಪಾ ಎದುರುಬದುರು ಕೂತು ರೊಟ್ಟಿ ಮುರಿಯುತ್ತಿದ್ದರು. ನನಗೂ ಒಂದು ತಾಟು ಬಂತು. ನನ್ನ ಸಿಟ್ಟು ಅಲ್ಲೇ ಇಳಿಯಿತು.

ಯಾಕೆಂದರೆ ಆಪಾ ಮದುವೆಯಾದಾಗಿನಿಂದ ಗಂಡನಿಗಿಂತ ಮೊದಲು ಉಂಡವರಲ್ಲ. ಭಾಯಿ ಬಂಡಿ ಮುಚ್ಚಿ ಬರುವುದು ಹನ್ನೊಂದಕ್ಕೆ. ಅಲ್ಲಿಯವರೆಗೆ ಟ್ಯೂಬ್‌ಲೈಟಿನ ಕೆಳಗೆ ಮೊಬೈಲ್ ನೋಡುತ್ತಾ ಕಾಯುವುದು, ಅವರು ಬಂದ ಮೇಲೆ ಉಣ್ಣುವುದು, ಉಂಡ ಕೂಡಲೇ ಮಲಗುವುದು. ಶುಗರ್ ಏರಿತು. ಮಾತ್ರೆ ನುಂಗಿದರೂ ಇಳಿಯಲಿಲ್ಲ. ಕಣ್ಣು ಮಂಜಾಗತೊಡಗಿತು.

ಡಾಕ್ಟರ ಬಳಿ ಕರೆದೊಯ್ದವಳು ನಾನೇ. ಅವರು ತಾಳ್ಮೆಯಿಂದ ಹೇಳಿದರು. ಮೈಯೊಳಗೊಂದು ಗಡಿಯಾರವಿದೆ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ಅದಕ್ಕೆ ದಿನ ಶುರು. ಕತ್ತಲಾದರೆ ಅದು ಮಲಗುವ ತಯಾರಿ ನಡೆಸುತ್ತದೆ. ಆ ಹೊತ್ತಿನಲ್ಲಿ ಉಂಡರೆ ರಕ್ತದ ಸಕ್ಕರೆ ಬೇಗ ಇಳಿಯುವುದಿಲ್ಲ. ಹಾಗಾಗಿ ಬೆಳಿಗ್ಗೆ ಹೊರಗೆ ನಡೆಯಬೇಕು, ಮಲಗುವ ಮುಂಚೆ ದೀಪ, ಮೊಬೈಲ್ ಕಡಿಮೆ ಮಾಡಬೇಕು, ರಾತ್ರಿ ಊಟ ಏಳಕ್ಕೇ ಆಗಬೇಕು.

ಆಪಾ ಚಾಚೂ ತಪ್ಪದೆ ಪಾಲಿಸಿದರು. ಬೆಳಿಗ್ಗೆ ನಡೆದರು. ಸಂಜೆ ಏಳಕ್ಕೆ ಸರಿಯಾಗಿ ಅಡುಗೆ ಮುಗಿಸಿ, ಮುಚ್ಚಿಟ್ಟು, ಹನ್ನೊಂದರವರೆಗೆ ಕಾದರು.

ನಾನು ಬೈದೆ.

"ಅವರು ಅಲ್ಲಿ ಹಸದು ನಿಂತಿರ್ತಾರ್ರಿ. ನನಗ ಇಲ್ಲಿ ತುತ್ತು ಹ್ಯಾಂಗ ಇಳೀತದ?" ಎಂದರು.

ಇದಕ್ಕೆ ಯಾವ ಡಾಕ್ಟರು ಮಾತ್ರೆ ಬರೆದಾರು?

ಕೊನೆಗೆ ದಾರಿ ಹುಡುಕಿದ್ದು ಭಾಯಿಯೇ. "ರಮ್ಜಾನ್‌ದಾಗ ಹೊತ್ತು ಮುಳುಗಿತಂದ್ರ ಇಬ್ಬರೂ ಕೂಡೇ ಖಜೂರ ಬಾಯಾಗ ಇಡ್ತೇವ್ರಿ. ಆವಾಗ ಈಕಿ ಹನ್ನೊಂದರ ತನಕ ಕಾಯೋದಿಲ್ಲ. ಉಳದ ತಿಂಗಳೂ ಹಂಗೇ ಮಾಡೂಣು ಅಂದೆ," ಎಂದರು ರೊಟ್ಟಿ ಮುರಿಯುತ್ತ.

"ಮತ್ತ ಗಿರಾಕಿ?" ಎಂದೆ.

"ಗಿರಾಕಿ ನಾಳೆನೂ ಬರ್ತಾರ್ರಿ. ಈಕಿ ಕಣ್ಣು ಹೋದ್ರ ತಿರಗಿ ಬರ್ತಾವೇನ್ರಿ?"

ಆಪಾ ಗಂಡನ ತಾಟಿಗೆ ಇನ್ನಷ್ಟು ಪಲ್ಯ ಬಡಿಸಿದರು. ಆಪಾರ ಶುಗರ್ ಸ್ವಲ್ಪ ಹತೋಟಿಗೆ ಬಂದಿದೆಯಂತೆ. ಕೇಳಿ ಜೀವ ತಂಪಾಯಿತು.

ಭಾಯಿ ಕೈ ತೊಳೆದು ಬಂಡಿಯತ್ತ ಓಡಿದರು. ನಾನು ಆಪಾರನ್ನು ಕೇಳಿದೆ, "ಒಂದಿನ ಅವರಿಗಿ ಬರ್ಲಿಕ್ಕ ಆಗ್ಲಿಲ್ಲಂದ್ರ?"

"ಕಾಯ್ತೇನ್ರಿ," ಎಂದರು, ನಕ್ಕು.

ಇಷ್ಟು ಪ್ರೀತಿ ಇರುವ ಮನೆಯಲ್ಲೂ, ಹೆಂಗಸಿಗೆ ಹಸಿವಾಗಲು ಗಂಡಸು ಬಾಗಿಲು ತಟ್ಟಲೇಬೇಕೇ?