ಎಡಕ್ಕೆ ಬಿದ್ದ ಹೂ

ಹೊಸದು ಯಾವುದಕ್ಕೂ ನಾನು ಹೂಂ ಎಂದವನಲ್ಲ. ಮೈಸೂರಿನ ತರಬೇತಿಗೆ ಹೋಗಿ ಎಂದು ಹೆಡ್‌ಮಾಸ್ಟರು ಹೇಳಿದರೆ ನನಗೆ ಅವತ್ತೇ ಹೊಟ್ಟೆನೋವು ಬರುತ್ತಿತ್ತು. ನಮ್ಮ ಹೊಲದಲ್ಲಿ ನಿಂತರೆ ಗೋಪಾಲಸ್ವಾಮಿ ಬೆಟ್ಟ ಕಾಣುತ್ತದೆ. ಜೊತೆಯ ಮೇಷ್ಟ್ರುಗಳು ಕರೆದಾಗಲೆಲ್ಲ ಆನೆ, ಮಂಜು, ನೆಗಡಿ ಎಂದು ಏನಾದರೊಂದು ನೆಪ ಹೇಳಿ, ನಲವತ್ತು ದಾಟಿದರೂ ಅದನ್ನು ಹತ್ತಿರಲಿಲ್ಲ. ಜನ ಇದನ್ನು ‘ಮೇಷ್ಟ್ರು ಬಲು ಜಾಗ್ರತೆ’ ಎನ್ನುತ್ತಿದ್ದರು. ಪುಕ್ಕಲುತನಕ್ಕೆ ಅಷ್ಟು ಮರ್ಯಾದೆಯ ಹೆಸರು ಸಿಕ್ಕರೆ ಯಾರು ತಾನೇ ಬಿಡುತ್ತಾರೆ?

ನನ್ನ ತಂಗಿ ಹಾಗಲ್ಲ. ಮದುವೆಯಾದ ಎರಡೇ ವರ್ಷಕ್ಕೆ ಗಂಡ ತೀರಿಹೋಗಿ, ಗುಂಡ್ಲುಪೇಟೆ ಪಕ್ಕದ ನಮ್ಮೂರಿಗೆ ವಾಪಸು ಬಂದಾಗ ಅವಳಿಗೆ ಇಪ್ಪತ್ತಾರು. ಆರು ತಿಂಗಳು ಗೋಡೆ ನೋಡುತ್ತ ಕೂತಿದ್ದಳು. ಆಮೇಲೆ ಒಂದು ದಿನ ತಾನೇ ಎದ್ದು ಹೋಗಿ ಬಸ್‌ಸ್ಟ್ಯಾಂಡಿನ ಹತ್ತಿರದ ಬೇಕರಿಯಲ್ಲಿ ಕೆಲಸ ಕೇಳಿದಳು. ಅದನ್ನು ನಡೆಸುತ್ತಿದ್ದವರು ಕೇರಳದ ಗಂಡ-ಹೆಂಡತಿ. ಆ ಹೆಂಗಸನ್ನು ಎಲ್ಲರೂ ಅವರ ಭಾಷೆಯಲ್ಲೇ ಚೇಚಿ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದರು. ವರ್ಷದೊಳಗೆ ತಂಗಿ ಮಲಯಾಳ ಮಾತಾಡತೊಡಗಿದಳು. ಕೇಕಿನ ಮೇಲೆ ಕ್ರೀಮಿನಲ್ಲಿ ಹೆಸರು ಬರೆಯುವುದನ್ನೂ ಕಲಿತಳು. ಆ ಅಕ್ಷರ ನೋಡಿದರೆ ಮೇಷ್ಟ್ರಾದ ನನಗೇ ನಾಚಿಕೆಯಾಗುತ್ತಿತ್ತು.

ಅಷ್ಟರಲ್ಲಿ ನಮ್ಮವ್ವ ಲಕ್ವ ಹೊಡೆದು ಹಾಸಿಗೆ ಹಿಡಿದಳು. ಬೇಕರಿಗೆ ಹೋಗುವ ಮುಂಚೆ, ಬಂದ ಮೇಲೆ, ಅವಳ ಸೇವೆಯೆಲ್ಲ ತಂಗಿಯದೇ. ಮಗ್ಗುಲು ಬದಲಿಸುವುದು, ಒರೆಸುವುದು, ಗಂಜಿ ಕುಡಿಸುವುದು. ನಾನು ಬಾಗಿಲಲ್ಲಿ ನಿಂತು ‘ಹೆಂಗಿದ್ದಾಳೆ?’ ಎಂದು ಕೇಳುತ್ತಿದ್ದೆ.

ಒಂದು ಸಂಜೆ ಚೇಚಿ ಮನೆಗೇ ಬಂದರು. “ಇಲ್ಲಿ ಮುಚ್ಚಿ ಚಾಮರಾಜನಗರದಲ್ಲಿ ದೊಡ್ಡ ಅಂಗಡಿ ಹಾಕ್ತೇವೆ ಮಾಷೇ. ಕೇಕಿನ ಕೆಲಸ ಎಲ್ಲ ಇವಳೇ ನೋಡ್ಲಿ. ನಮ್ಮ ಮನೆಯಲ್ಲೇ ಇರ್ಲಿ” ಎಂದರು.

“ಓಯ್ತೀನಿ ಕಣಣ್ಣ” ಎಂದಳು ತಂಗಿ. “ವಾರಕ್ಕೊಂದ್ಸಲ ಬಂದು ಅವ್ವನ್ನ ನೋಡ್ಕೋತೀನಿ.” ಗಂಡ ಸತ್ತ ಮೇಲೆ ಅವಳು ಬಾಯಿಬಿಟ್ಟು ಆಸೆಪಟ್ಟದ್ದು ಅದೊಂದೇ. ನನ್ನ ತಲೆಯಲ್ಲಿದ್ದದ್ದು ಮಾತ್ರ ಬೇರೆ: ಇವಳು ಹೋದರೆ ಅವ್ವನ ಬಟ್ಟೆ ಒಗೆಯುವವರು ಯಾರು? ಅದನ್ನು ಮುಖಕ್ಕೆ ಹೇಳುವ ಧೈರ್ಯವಿಲ್ಲದೆ, “ತಾಯ್ನ ಒಂದ್ಮಾತು ಕೇಳ್ಬುಡನ” ಎಂದೆ.

ತಾಯಿ ಎಂದರೆ ನಮ್ಮ ಹೊಲದ ಅಂಚಿನ ಗುಡಿಯ ದೇವತೆ. ಅಪ್ಪನ ನಂತರ ಪೂಜೆ ನನ್ನದೇ. ಏನಾದರೂ ಹೊಸದಕ್ಕೆ ಕೈ ಹಾಕುವ ಮುಂಚೆ ನಮ್ಮವರು ಅಲ್ಲಿ ಹೂ ಕೇಳುತ್ತಾರೆ. ಕಲ್ಲಿನ ಮೂರ್ತಿಯ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿ ಕೈಮುಗಿದು ಕಾಯುವುದು. ಬಲದ ಹೂ ಮೊದಲು ಬಿದ್ದರೆ ಅಪ್ಪಣೆ, ಎಡದ್ದು ಬಿದ್ದರೆ ಇಲ್ಲ.

ಶುಕ್ರವಾರ ಬೆಳಗ್ಗೆ ತಂಗಿ ತಲೆಗೆ ನೀರು ಹಾಕಿಕೊಂಡು ಬಂದು ನನ್ನ ಹಿಂದೆ ನಿಂತಳು. ನಾನು ಎಡದ ಕಣಗಿಲೆಯನ್ನು ಬರೀ ನೀರಿನಲ್ಲಿ ಅಂಟಿಸಿದೆ. ಬಲದ ಹೂವಿಗೆ ಗಟ್ಟಿಯಾಗಿ ಗಂಧ ಮೆತ್ತಿ ಒತ್ತಿದೆ. ನಾಲ್ಕು ನಿಮಿಷಕ್ಕೆ ಎಡದ ಹೂ ಬಿತ್ತು. ತಂಗಿ ಅದನ್ನು ಕಣ್ಣಿಗೊತ್ತಿಕೊಂಡು, “ಆಯ್ತು ಬುಡಣ್ಣ, ಅವಳ್ಗೆ ಗೊತ್ತಿರ್ತದೆ” ಎಂದಳು. ಅವತ್ತು ಮಧ್ಯಾಹ್ನ ನಾನು ಹೊಟ್ಟೆ ತುಂಬ ಉಂಡೆ.

ಚೇಚಿ ಚಾಮರಾಜನಗರಕ್ಕೆ ಹೋದರು. ತಂಗಿ ಮನೆಯಲ್ಲಿ ಉಳಿದಳು. ಅವ್ವ ಹನ್ನೆರಡು ವರ್ಷ ಮಲಗಿದ್ದು ಹೋದ ವರ್ಷ ಕಣ್ಣು ಮುಚ್ಚಿದಳು. ತಿಥಿಯೆಲ್ಲ ಮುಗಿದ ಮೇಲೆ, ಮೂವತ್ತೊಂಬತ್ತಕ್ಕೇ ಅರ್ಧ ತಲೆ ನರೆತು, ಸೊಂಟ ಹಿಡಿದುಕೊಂಡು ಕಸ ಗುಡಿಸುತ್ತಿದ್ದ ಅವಳನ್ನು ನೋಡಿ ನನಗೆ ಸಂಕಟವಾಯಿತು. ನಗರಕ್ಕೆ ಹೋಗಿ ಚೇಚಿಯ ಅಂಗಡಿ ಹುಡುಕಿ ಕೇಳಿದೆ. “ಇವತ್ತೇ ಕಳಿಸಿ ಮಾಷೇ” ಎಂದರು.

ಓಡಿಬಂದು ಹೇಳಿದರೆ ತಂಗಿ ಒಲೆಯ ಮುಂದಿನಿಂದ ಏಳಲೇ ಇಲ್ಲ. “ತಾಯಿ ಬ್ಯಾಡ ಅಂದದ್ಕೆ ಈಗ್ಯಾಕಣ್ಣ?”

ಆಗ ಹೇಳಿಬಿಟ್ಟೆ. ಗಂಧ ಮೆತ್ತಿದ್ದು, ಒತ್ತಿದ್ದು, ಯಾಕೆ ಅನ್ನುವುದು, ಎಲ್ಲವನ್ನೂ. ಹೇಳಿದರೆ ಅವಳು ಹೊರಡುತ್ತಾಳೆ ಅಂದುಕೊಂಡಿದ್ದೆ. ಬೈಯಲಿ, ಹೊಡೆಯಲಿ, ಆದರೆ ಹೊರಡಲಿ ಎಂದು.

ಅವಳು ಉರಿಯುತ್ತಿದ್ದ ಸೌದೆಯನ್ನು ಒಲೆಯಿಂದ ಹೊರಗೆಳೆದಳು. “ನಂಗೇನೋ ಕೇಡು ತಪ್ಪಿಸವ್ಳೆ ಅನ್ಕೊಂಡು ಇಷ್ಟು ವರ್ಸ ಅವಳ್ಗೆ ದೀಪ ಹಚ್ದೆ” ಎಂದಳು. “ತಾಯಿ ಅಂದ್ಲು ಅಂತ ತಡ್ಕಂಡಿದ್ದೆ ಕಣಣ್ಣ. ಅಂದಿದ್ದು ನೀನು ಅಂದ್ರೆ ನಾನು ಹೆಂಗ್ ತಡ್ಕೊಳ್ಲಿ?”

ಅವಳು ನಗರಕ್ಕೆ ಹೋಗಲಿಲ್ಲ. ಅವತ್ತಿನಿಂದ ಗುಡಿಗೂ ಹೋಗಿಲ್ಲ.