ಇನಾಕ್ ಸೆರಿನಾಳ ಕೆಂಪು ಗೆರೆ

ಉತ್ತರ ಲೊಂಬೋಕಿನ ನಮ್ಮ ಬೆಟ್ಟದ ತಪ್ಪಲಲ್ಲಿ ಚೊಚ್ಚಲ ಮಗು ಹುಟ್ಟಿದ ದಿನವೇ ತಾಯಿಯ ಸ್ವಂತ ಹೆಸರು ಮೂಲೆಗೆ ಬೀಳುತ್ತದೆ. ಸೆರಿನಾ ಹುಟ್ಟಿದಂದಿನಿಂದ ಅವಳ ತಾಯಿ ಊರಿಗೆಲ್ಲ ಇನಾಕ್ ಸೆರಿನಾ, ಸೆರಿನಾಳ ಅವ್ವ. ಮೊಮ್ಮಗಳು ಹಿಕ್ಮಾ ಬಂದ ಮೇಲೆ ನ್ಯಾಯವಾಗಿ ಪಪುಕ್ ಹಿಕ್ಮಾ, ಹಿಕ್ಮಾಳ ಅಜ್ಜಿ, ಎಂದು ಕರೆಯಬೇಕಿತ್ತು. ಆದರೆ ಏಣಿಯ ತುದಿಯಲ್ಲಿ ನಿಂತು ಸ್ಪ್ಯಾನರ್ ತಿರುಗಿಸುವ ಹೆಂಗಸನ್ನು ಅಜ್ಜಿ ಅನ್ನಲು ಯಾರಿಗೂ ಬಾಯಿ ಬರಲಿಲ್ಲ.

ಭೂಕಂಪಕ್ಕೆ ಮುಂಚೆ ಅವಳು ಸ್ಪ್ಯಾನರ್ ಕಂಡವಳೇ ಅಲ್ಲ. ಶಾಲೆಯ ಗೇಟಿನ ಬಳಿ ಕೂತು ಬಾಳೆಹಣ್ಣಿನ ಬಜ್ಜಿ ಕರಿಯುತ್ತಿದ್ದಳು. ಆ ಆಗಸ್ಟಿನ ಸಂಜೆ ನೆಲ ಅಲ್ಲಾಡಿದಾಗ ಅವಳು ಅಂಗಳದಲ್ಲಿದ್ದಳು, ಗಂಡ ಒಳಗಿದ್ದ. ಇಟ್ಟಿಗೆಯ ಗೋಡೆ ಒಳಮುಖವಾಗಿ ಬಿತ್ತು. ಅಂಥ ಗೋಡೆಗಳು ಅವತ್ತು ನಮ್ಮೂರಲ್ಲಿ ಒಂದಲ್ಲ, ಎರಡಲ್ಲ. ಸತ್ತವರನ್ನು ಮಣ್ಣು ಮಾಡಿ ಬಂದ ಜನ ಸೂರು ಎಂದರೆ ಬೆಚ್ಚುವಂತಾದರು. ಹನ್ನೊಂದು ತಿಂಗಳು ಟಾರ್ಪಾಲಿನ ಕೆಳಗೆ ಕಳೆದರು. ಮಳೆ ಬಂದರೆ ಚಾಪೆ ನೆನೆಯುತ್ತಿತ್ತು, ಮಕ್ಕಳು ಕೆಮ್ಮುತ್ತಿದ್ದವು, ಆದರೂ ಯಾರೂ ಗೋಡೆಯ ಆಸೆ ಪಡಲಿಲ್ಲ.

ಆಮೇಲೆ ಲಾರಿಗಳಲ್ಲಿ ಮನೆಗಳು ಬಂದವು. ಕಂಬ, ತೊಲೆ ಎಲ್ಲ ಎರಕ ಹೊಯ್ದು ಸಿದ್ಧವಾಗಿದ್ದ ಕಾಂಕ್ರೀಟು. ಕಬ್ಬಿಣದ ಪಟ್ಟಿ ಇಟ್ಟು ಬೋಲ್ಟು ಹಾಕಿ ಜೋಡಿಸಿದರೆ ವಾರದಲ್ಲಿ ಮನೆ, ಖರ್ಚೂ ಕಡಿಮೆ. ಜಾವಾದಿಂದ ಬಂದಿದ್ದ ಎಂಜಿನಿಯರ್ ಪಾಕ್ ವೀರಾ ಹೀಗೆಲ್ಲ ವಿವರಿಸುತ್ತಿದ್ದರೆ, ಊರಿಗೇ ಹಿರಿಯಳಾದ ಪಪುಕ್ ಮಿನಾ ಎಲೆಅಡಿಕೆ ಉಗಿದು ಕೇಳಿದಳು:

"ಮತ್ತೆ ಕಾಂಕ್ರೀಟಿನ ಕೆಳಗೆ ಮಲಗು ಅಂತೀಯಲ್ಲಪ್ಪ, ನಮ್ಮೇಲೆ ಏನು ದ್ವೇಷ ನಿಂಗೆ?"

"ಬೋಲ್ಟು ಬಿಗಿಯಾಗಿದ್ರೆ ಬೀಳಲ್ಲ ಪಪುಕ್. ಅಲ್ಲಾಡುತ್ತೆ, ಬೀಳಲ್ಲ."

"ಬಿಗಿಯಾಗಿದ್ಯೋ ಇಲ್ವೋ ನೋಡೋರ್ಯಾರು? ನೀನು ನಾಳೆ ಹಡಗು ಹತ್ತಿ ಹೋಗ್ತೀಯ."

"ನಾನ್ ನೋಡ್ತೀನಿ," ಅಂದಳು ಇನಾಕ್ ಸೆರಿನಾ. ಗೋಡೆ ನುಂಗಿದ್ದು ಅವಳ ಗಂಡನನ್ನು. ಅವಳ ಮಾತಿಗೆ ಯಾರೂ ಎದುರಾಡಲಿಲ್ಲ.

ಕೆಲಸದ ಕ್ರಮ ಸರಳವಾಗಿತ್ತು. ಮೊದಲು ನಟ್ಟನ್ನು ಪೂರ್ತಿ ಬಿಗಿಯಬೇಕು, ಆಮೇಲೆ ನಟ್ಟು ಮತ್ತು ಪಟ್ಟಿಗೆ ಸೇರಿಸಿ ಒಂದು ಕೆಂಪು ಗೆರೆ ಎಳೆಯಬೇಕು. ಕೆಂಪು ಗೆರೆ ಇದ್ದರೆ ಆ ಮೂಲೆ ಮುಗಿದಂತೆ, ಗಂಡಸರು ಹಲಗೆ ಹೊಡೆದು ಮುಚ್ಚಬಹುದು. ಅವಳು ಒಂದೊಂದು ನಟ್ಟನ್ನೂ ಹಲ್ಲು ಕಚ್ಚಿ ಬಿಗಿದಳು. ಪಾಕ್ ವೀರಾ ಮೊದಮೊದಲು ಹಿಂದೆಯೇ ಬಂದು ಪರೀಕ್ಷಿಸುತ್ತಿದ್ದ, ಆರನೇ ಮನೆಯ ಹೊತ್ತಿಗೆ ಅದನ್ನೂ ಬಿಟ್ಟ. ಮನೆ ಮುಗಿದವರು ಒಳಗೆ ಕಾಲಿಡುವ ಮುಂಚೆ, "ಇನಾಕ್ ಸೆರಿನಾದೇ ಗೆರೆ ತಾನೆ?" ಎಂದು ಕೇಳಿ ಚಾಪೆ ಹಾಸುತ್ತಿದ್ದರು. ಹಾಗೆ ಇಪ್ಪತ್ತೆರಡು ಕುಟುಂಬಗಳು ಟಾರ್ಪಾಲು ಮಡಿಸಿದವು. ತನ್ನ ಮನೆ ಎದ್ದು ನಿಂತರೂ ಹಟ ಬಿಡದೆ ಹೊರಗಿನ ಹುಲ್ಲು ಚಪ್ಪರದಲ್ಲೇ ಮಲಗುತ್ತಿದ್ದವಳು ಪಪುಕ್ ಮಿನಾ ಒಬ್ಬಳೇ.

ಇಪ್ಪತ್ತಮೂರನೆಯದು ಸೆರಿನಾಳ ಮನೆ. ಕೊನೆಯ ಮನೆಯಾದ್ದರಿಂದ ಅವತ್ತು ಅಂಗಳದಲ್ಲಿ ಊರಿಗೆಲ್ಲ ಬೆಗಿಬುಂಗ್ ಊಟ. ಒಂದು ಹರಿವಾಣಕ್ಕೆ ನಾಲ್ವರು. ನಾಲ್ವರೂ ಕೂರುವ ತನಕ ಯಾರೂ ಅನ್ನ ಮುಟ್ಟುವಂತಿಲ್ಲ, ಹಿರಿಯರ ಕೈ ಹರಿವಾಣ ಬಿಡುವ ತನಕ ಯಾರೂ ಏಳುವಂತಿಲ್ಲ. ಇನಾಕ್ ಸೆರಿನಾ ಏಣಿಯ ಮೇಲೆ, ಹಿಂಬದಿಯ ಮೂಲೆಯಲ್ಲಿ, ತೊಲೆಯ ಕಟ್ಟಕಡೆಯ ನಾಲ್ಕು ಬೋಲ್ಟುಗಳ ಮುಂದೆ ಇದ್ದಳು.

"ಏ ಇನಾಕ್ ಸೆರಿನಾ! ಮೇಲೇನು ಗೂಡು ಕಟ್ತಿದ್ದೀಯೇನೇ?" ಕೆಳಗಿಂದ ಪಪುಕ್ ಮಿನಾ ಕೂಗಿದಳು. "ಬಾಳೆದಿಂಡಿನ ಸಾರು ಆರ್ತಾ ಇದೆ. ನಿನ್ನಿಂದ ಮೂರು ಜನ ಉಪವಾಸ!"

ಅಷ್ಟರಲ್ಲಿ ಬೈಕು ನಿಲ್ಲಿಸಿಕೊಂಡು ನೆರೆಮನೆಯ ಅಮಾಕ್ ಜುಹ್ರಿ, ಜುಹ್ರಿಯ ಅಪ್ಪ, ಬೇರೆ; ಆಚೆ ಕೇರಿಯ ಮನೆಗಳ ಕೆಲಸಕ್ಕೆ ಹೊರಟಿದ್ದ. ಎರಡು ಕೇರಿಗೂ ಸೇರಿ ಬಣ್ಣದ ಡಬ್ಬಿ ಒಂದೇ. "ಬಣ್ಣ ಕೊಟ್ಬಿಡು ಇನಾಕ್, ಅಲ್ಲಿ ಕೆಲಸ ನಿಂತಿದೆ."

ಆಗ ಅವಳು ಜನ್ಮದಲ್ಲಿ ಮಾಡದ ಕೆಲಸ ಮಾಡಿದಳು. ಉಂಡು ಬಂದು ಬಿಗಿದರಾಯಿತು ಎಂದುಕೊಂಡು ಗೆರೆಯನ್ನು ಮೊದಲೇ ಎಳೆದಳು, ನಾಲ್ಕಕ್ಕೂ. ಡಬ್ಬಿ ಕೊಟ್ಟು ಇಳಿದು ಬಂದು ಹರಿವಾಣದ ಮುಂದೆ ಕೂತಳು.

ಪಪುಕ್ ಮಿನಾಳಿಗೆ ಇದ್ದದ್ದು ಮೂರೇ ಹಲ್ಲು, ಆಸೆ ಮಾತ್ರ ಮೂವತ್ತೆರಡರದ್ದು. ಅವಳ ಕೈ ಹರಿವಾಣ ಬಿಡುವಷ್ಟರಲ್ಲಿ ಗಂಡಸರ ಪಂಕ್ತಿ ಎದ್ದು ಎಷ್ಟೋ ಹೊತ್ತಾಗಿತ್ತು. ಅಳಿಯ ಸಹ್ವಾನ್ ಸುತ್ತಿಗೆ ಹಿಡಿದು ನಗುತ್ತ ಬಂದ.

"ನಿಮ್ಮ ಮೂಲೆ ಮುಚ್ಚಾಯ್ತು ಅತ್ತೆ. ಗೆರೆ ಇತ್ತಲ್ಲ, ಹಲಗೆ ಹೊಡೆದ್ಬಿಟ್ವಿ."

ಮಸೀದಿಯ ಗುರುಗಳು ಹೊಸ ಮನೆಗಾಗಿ ಪ್ರಾರ್ಥನೆ ಶುರು ಮಾಡಿದ್ದರು. ಎಲ್ಲರ ಅಂಗೈಗಳೂ ಮೇಲೆದ್ದಿದ್ದವು. ಆ ಹೊತ್ತಲ್ಲಿ ಹಲಗೆ ಕೀಳಿ ಅನ್ನಲು ಅವಳ ನಾಲಿಗೆ ಏಳಲಿಲ್ಲ. ಬಿಗಿದೇ ಇಳಿದೆನೇನೋ, ಎಂದು ತನಗೆ ತಾನೇ ಹೇಳಿಕೊಂಡಳು. ಕೈಯೂ ಮೇಲೆತ್ತಿದಳು.

ಅವತ್ತಿನಿಂದ ಅವಳಿಗೆ ನೆಮ್ಮದಿ ಎಂಬುದಿರಲಿಲ್ಲ. ನಾಲ್ಕರಲ್ಲಿ ಒಂದನ್ನಾದರೂ ಬಿಗಿದಿದ್ದೆನೇ? ಎರಡನ್ನು? ಮೊಣಕೈಗೆ ಆ ಭಾರ ನೆನಪಿದೆಯೇ? ನೆನಪು ಒಂದು ದಿನ ಹೌದೆನ್ನುತ್ತಿತ್ತು, ಮರುದಿನ ಇಲ್ಲವೆನ್ನುತ್ತಿತ್ತು. ಬೆಳಗಾದರೆ ಬಜ್ಜಿಯ ನೆಪ ಮಾಡಿಕೊಂಡು ಮಗಳ ಮನೆಗೆ ಹೋಗುತ್ತಿದ್ದಳು. ಹೋದವಳ ಕಣ್ಣು ನೇರ ಹಿಂಬದಿಯ ಮೂಲೆಗೆ. ಸೆರಿನಾ ಮಗುವಿನ ಜೋಲಿ ಕಟ್ಟಿದ್ದು ಸರಿಯಾಗಿ ಅದೇ ತೊಲೆಯ ಕೆಳಗೆ.

"ಇಲ್ಲಿ ಬೇಡ ಕಣೇ, ಗಾಳಿ ಆಡಲ್ಲ. ಬಾಗಿಲ ಹತ್ರ ಕಟ್ಟು."

"ಬಾಗಿಲ ಹತ್ರ ಬಿಸಿಲು ಬರುತ್ತೆ."

"ಬಂದ್ರೆ ಬರ್ಲಿ. ಬಿಸಿಲು ಒಳ್ಳೇದು ಮಗೂಗೆ."

"ಇನಾಕ್, ಮನೆ ನಂದೋ ನಿಂದೋ? ಆ ಗೋಡೆಗೆ ನಿನ್ನ ಕಣ್ಣೇನು ಅಂಟಿಸಿದ್ದಾರಾ?"

ತಾಯಿ ಜೋಲಿಯನ್ನು ಬಾಗಿಲ ಬಳಿ ಕಟ್ಟಿ ಹೋಗುತ್ತಿದ್ದಳು, ಮಗಳು ಬಿಚ್ಚಿ ಮತ್ತೆ ಮೂಲೆಗೆ ಕಟ್ಟುತ್ತಿದ್ದಳು.

ಹೇಳಿಬಿಡುವುದು ಸುಲಭವಲ್ಲವೇ ಎಂದು ನೀವು ಕೇಳಬಹುದು. ಎಂಜಿನಿಯರ್ ಊರು ಬಿಟ್ಟಾಗಿತ್ತು. ಮಳೆಗಾಲ ಶುರುವಾಗಿತ್ತು. ಒಂದು ಗೆರೆ ಸುಳ್ಳು ಎಂದರೆ ಇಪ್ಪತ್ತಮೂರು ಮನೆಗಳ ಗೆರೆಯೂ ಸುಳ್ಳಾಗುತ್ತದೆ. ಜನ ಮಕ್ಕಳನ್ನು ಎತ್ತಿಕೊಂಡು ಮತ್ತೆ ಟಾರ್ಪಾಲಿನ ಕೆಳಗೆ ಹೋಗುತ್ತಾರೆ, ಮತ್ತೆ ಅದೇ ಕೆಮ್ಮು. ಹೇಳದಿದ್ದರೆ ಹಿಕ್ಮಾಳ ತಲೆಯ ಮೇಲೆ ತೊಲೆ. ಈ ಎರಡರ ನಡುವೆ ಮೂರು ವಾರ ಅವಳಿಗೆ ಊಟ ಸೇರಲಿಲ್ಲ. ಇದು ಹೇಡಿತನವೇ. ನನಗವಳ ಮೇಲೆ ಗೌರವವಿದೆ, ಆದರೂ ಬೇರೆ ಹೆಸರಿಡಲು ಮನಸ್ಸಿಲ್ಲ.

ಒಂದು ಶನಿವಾರ ಮಧ್ಯಾಹ್ನ ನೆಲ ಮತ್ತೆ ನಡುಗಿತು. ದೊಡ್ಡದಲ್ಲ, ತಪ್ಪಲೆಗಳು ಗಡಗಡ ಸದ್ದು ಮಾಡುವಷ್ಟು. ಇಡೀ ಕೇರಿ ದೇವರ ಹೆಸರು ಕೂಗುತ್ತ ಹೊರಗೆ ಓಡಿಬಂತು. ಇನಾಕ್ ಸೆರಿನಾ ಮಾತ್ರ ತನ್ನ ಮನೆಯಿಂದ ಹೊರಬಿದ್ದವಳು ಮಗಳ ಮನೆಯ ಒಳಕ್ಕೆ ನುಗ್ಗಿದಳು. ಸೆರಿನಾ ಮಗುವನ್ನು ಅಪ್ಪಿಕೊಂಡು ಎದುರೇ ಬಂದಳು. ಅವರ ಹಿಂದೆ, ಆ ಮೂಲೆಯಿಂದ, ಟಕ್ ಎಂದು ಒಂದು ಸದ್ದು ಬಂತು. ಅದು ಇನಾಕ್ ಸೆರಿನಾಳ ಕಿವಿಗಷ್ಟೇ ಕೇಳಿಸಿತು.

ನಡುಕ ನಿಂತಿತು. ಇಪ್ಪತ್ತಮೂರು ಮನೆಗಳೂ ನಿಂತೇ ಇದ್ದವು. ಜನ ಗೋಡೆ ಮುಟ್ಟಿ ಮುಟ್ಟಿ ನೋಡಿದರು, ಅಳುತ್ತಳುತ್ತಲೇ ನಕ್ಕರು. ಅಮಾಕ್ ಜುಹ್ರಿ ಎಲ್ಲರೆದುರು ಹೇಳಿದ: "ಇನಾಕ್ ಸೆರಿನಾ ಗೆರೆ ಇರೋವಾಗ ಭಯ ಯಾಕ್ರಪ್ಪಾ? ಅವಳ ಕೈಗೆ ಚಿನ್ನದ ಬಳೆ ಹಾಕ್ಬೇಕು ನಾವು!"

ಬೈದಿದ್ದರೆ ಸಹಿಸುತ್ತಿದ್ದಳೇನೋ. ಈ ಹೊಗಳಿಕೆ ಮಾತ್ರ ಎದೆಗೆ ಚುಚ್ಚಿತು. ಮನೆಗೆ ಹೋಗಿ ಸ್ಪ್ಯಾನರ್ ಮತ್ತು ಸಬ್ಬಲು ತಂದಳು. ಯಾರೊಂದಿಗೂ ಮಾತಾಡದೆ ಏಣಿ ಹಾಕಿ ಹಲಗೆ ಕಿತ್ತಳು. ಒಬ್ಬೊಬ್ಬರಾಗಿ ಜನ ಬಾಗಿಲಲ್ಲಿ ಸೇರಿದರು. ನಾಲ್ಕು ನಟ್ಟು, ನಾಲ್ಕು ಕೆಂಪು ಗೆರೆ. ಎರಡು ಗೆರೆ ನೆಟ್ಟಗಿದ್ದವು, ಸ್ಪ್ಯಾನರಿಗೂ ಆ ನಟ್ಟುಗಳು ಜಗ್ಗಲಿಲ್ಲ. ಇನ್ನೆರಡರಲ್ಲಿ ನಟ್ಟು ಜರುಗಿ ಗೆರೆ ಮುರಿದಿತ್ತು. ಅವುಗಳನ್ನು ಅವಳು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ಎಲ್ಲರಿಗೂ ತೋರಿಸಿದಳು.

"ಬಿಗಿಯೋಕ್ ಮುಂಚೆ ಗೆರೆ ಎಳೆದೆ," ಅಂದಳು. "ಊಟದ ದಿನ. ಗೊತ್ತಿದ್ದೂ ಸುಮ್ಮನಿದ್ದೆ."

ಅಮಾಕ್ ಜುಹ್ರಿ ಕೇಳಿದ. "ಹಂಗಾದ್ರೆ ನಮ್ಮನೇದು?"

"ನಾಳೆಯಿಂದ ಎಲ್ಲಾ ಮನೆ ಹಲಗೆ ಕೀಳ್ತೀನಿ. ಸ್ಪ್ಯಾನರ್ ನಿಮ್ಮ ಕೈಲೇ ಇರ್ಲಿ. ನೀವೇ ತಿರುಗಿಸಿ ನೋಡಿ, ನನ್ನ ಮಾತು ನಂಬಬೇಡಿ."

"ನನ್ನ ಮನೆಯಿಂದ ಶುರು ಮಾಡು," ಅಂದಳು ಪಪುಕ್ ಮಿನಾ. "ಹಾಳು ಮೂರು ಹಲ್ಲು, ಅವತ್ತು ಬೇಗ ಉಂಡಿದ್ರೆ ಈ ಪಾಡು ಬರ್ತಿರಲಿಲ್ಲ." ಯಾರೂ ನಗಲಿಲ್ಲ. ಜನ ಚದುರಿದರು. ಏಳೆಂಟು ಮನೆಯವರು ಹೋದವರೇ ಟಾರ್ಪಾಲು ಬಿಚ್ಚತೊಡಗಿದರು.

ಇನಾಕ್ ಸೆರಿನಾ ಎರಡೂ ನಟ್ಟು ಬಿಗಿದಳು. ಬಿಗಿಯುತ್ತ ಅತ್ತಳು. ಸೆರಿನಾ ಅಷ್ಟು ಹೊತ್ತೂ ಮಗುವನ್ನು ಎದೆಗೊತ್ತಿಕೊಂಡು ನಿಂತಿದ್ದಳು.

"ಮೂರು ವಾರ, ಇನಾಕ್," ಅಂದಳು. "ಮೂರು ವಾರ ಇವಳು ಅದರ ಕೆಳಗೆ ಮಲಗಿದ್ಲು."

ತಾಯಿ ಏಣಿ ಇಳಿದು ಬಾಗಿಲತ್ತ ಹೊರಟಳು. ಇನ್ನು ಈ ಹೊಸ್ತಿಲು ತನಗಿಲ್ಲ ಎಂದೇ ಅವಳು ತಿಳಿದಳು.

"ಎಲ್ಲಿಗೆ?" ಸೆರಿನಾ ಗಟ್ಟಿಯಾಗಿ ಕೇಳಿದಳು. ಮಗುವನ್ನು ಗಂಡನಿಗೆ ಕೊಟ್ಟು ಏಣಿ ಹತ್ತಿ ತಾನೇ ಸ್ಪ್ಯಾನರ್ ಹಾಕಿ ಜಗ್ಗಿ ನೋಡಿದಳು. ನಾಲ್ಕನ್ನೂ. ಇಳಿದು ಬಂದು ಜೋಲಿ ಬಿಚ್ಚಿ ಬಾಗಿಲ ಬಳಿ ಕಟ್ಟಿದಳು. ಆಮೇಲೆ ಒಂದು ಚಾಪೆ ತಂದು ಹಿಂಬದಿಯ ಮೂಲೆಯಲ್ಲಿ, ತೊಲೆಯ ಸರೀ ಕೆಳಗೆ, ಹಾಸಿದಳು. ತಲೆದಿಂಬೂ ಇಟ್ಟಳು.

"ಇವತ್ತಿಂದ ಇಲ್ಲಿ ನೀನ್ ಮಲ್ಕೋ," ಅಂದಳು.