ಬರಿಗಲ್ಲು ಬೀಸುವ ಬೊಂಬೆ

ಆ ಪಾರ್ಕಿನ ಮ್ಯಾನೇಜರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಮುಂದೆ ಕ್ಷಮಿಸುವ ಯೋಚನೆಯೂ ಇಲ್ಲ. ಆಗಿದ್ದು ಆಗಿಹೋಯಿತು, ಬಿಟ್ಟುಬಿಡು ಎಂದು ನನ್ನ ಗಂಡ ಹೇಳಿ ಹೇಳಿ ಸೋತಿದ್ದಾರೆ. ನಾನು ಅಷ್ಟು ಸುಲಭಕ್ಕೆ ಬಿಡುವವಳಲ್ಲ. ನಮ್ಮ ಅಜ್ಜಿ ಈ ವಿಷಯದಲ್ಲಿ ನನಗಿಂತ ಒಂದು ಕೈ ಮೇಲು ಎನ್ನುವುದು ಮಾತ್ರ ತಡವಾಗಿ ಗೊತ್ತಾಯಿತು.

ಅಜ್ಜಿಯ ಹಳ್ಳಿ ಹೊಸೂರು ಕಡೆಯ ಉದ್ದನಪಲ್ಲಿಯಿಂದ ಇನ್ನೂ ಒಳಕ್ಕೆ. ನಾನು ಮದುವೆಯಾಗಿ ಅವಲಪಲ್ಲಿಯಲ್ಲಿದ್ದೇನೆ. ಹೊಸೂರಿನ ಒಂದು ಫ್ಯಾಕ್ಟರಿಯ ಅಸೆಂಬ್ಲಿ ಲೈನಿನಲ್ಲಿ ನನ್ನ ಕೆಲಸ. ರಜೆಗೆಂದು ಅಜ್ಜಿಯ ಮನೆಗೆ ಹೋಗಿದ್ದ ಒಂದು ಭಾನುವಾರ ಈ ಮನುಷ್ಯ ಬಂದ. ಕೃಷ್ಣಗಿರಿ ರಸ್ತೆಯಲ್ಲಿರುವ ಪಾರ್ಕಿನ ಮ್ಯಾನೇಜರು ತಾನೆಂದು ಹೇಳಿಕೊಂಡ. ರಾಟೆ, ರೈಲು, ನೀರಾಟ ಇರುವ ಪಾರ್ಕು ಅದು. ಅಲ್ಲಿ ‘ಹಳ್ಳಿ ಮನೆ’ ಎಂದು ಹೊಸ ಭಾಗ ಕಟ್ಟುತ್ತಿದ್ದೇವೆ, ಈಗಿನ ಮಕ್ಕಳು ನೋಡಲಿ ಎಂದು ಹಳೆಯ ಸಾಮಾನು ಹುಡುಕುತ್ತಿದ್ದೇನೆ ಎಂದ. ಅಜ್ಜಿಯನ್ನು ತಮಿಳಿನವರಂತೆ ಬಾಯಿತುಂಬ ‘ಪಾಟಿ, ಪಾಟಿ’ ಎಂದು ಕರೆದ. ಊಟದ ಹೊತ್ತಾಗಿತ್ತು, ಅಜ್ಜಿ ಎಲೆ ಹಾಕಿದಳು. ಹುರುಳಿಕಾಳಿನ ಸಾರಿನಲ್ಲಿ ಎರಡು ಮುದ್ದೆ ನುಂಗಿ ಕೈತೊಳೆದು ಬಂದವನ ಕಣ್ಣು ಮೂಲೆಯಲ್ಲಿದ್ದ ರಾಗಿಕಲ್ಲಿನ ಮೇಲೆ ಬಿತ್ತು.

ಅದು ಅಜ್ಜಿಯ ಅತ್ತೆಯ ಕಲ್ಲು. ಅಜ್ಜಿ ಸೊಸೆಯಾಗಿ ಬಂದ ಮಾರನೆಯ ಬೆಳಿಗ್ಗೆ ಅತ್ತೆ ಅವಳ ಕೈಹಿಡಿದು ಆ ಕಲ್ಲಿನ ಗೂಟದ ಮೇಲೆ ಇಟ್ಟಿದ್ದರಂತೆ. ಊರಿಗೆ ಮಿಲ್ಲು ಬಂದ ಮೇಲೂ ಅಜ್ಜಿ ತನ್ನೊಬ್ಬಳ ಮುದ್ದೆಗೆ ಬೇಕಾದಷ್ಟು ಹಿಟ್ಟನ್ನು ಅದರಲ್ಲೇ ಬೀಸಿಕೊಳ್ಳುತ್ತಿದ್ದಳು. ಮಿಲ್ಲಿನ ಹಿಟ್ಟು ಸೀದ ವಾಸನೆ ಬರುತ್ತದೆ ಎಂಬುದು ಅವಳ ತಕರಾರು. ಅವನು ಕಲ್ಲನ್ನು ಕೇಳಿದಾಗ ಕೊಡುವುದಿಲ್ಲ ಎಂದಳು. ಕೊಡಿಸಿದವಳು ನಾನು. ನಿನ್ನ ಮಂಡಿ ಕೈಕೊಟ್ಟಿದೆ, ಇನ್ನೆಷ್ಟು ದಿನ ಬೀಸುತ್ತೀಯ, ಅಲ್ಲಿಟ್ಟರೆ ಊರೂರಿನವರು ನೋಡುತ್ತಾರೆ, ಪಕ್ಕದಲ್ಲಿ ನಿನ್ನ ಫೋಟೋ ಹಾಕುತ್ತಾರೆ ಎಂದು ಅರ್ಧ ಗಂಟೆ ಕೂತು ಒಪ್ಪಿಸಿದೆ. ಫೋಟೋ ತೆಗೆದವಳೂ ನಾನೇ. ಎದುರಿನಿಂದ ಒಂದು, ಎರಡೂ ಪಕ್ಕದಿಂದ ಒಂದೊಂದು, ಕಲ್ಲಿನ ಮೇಲಿಟ್ಟ ಕೈಯದು ಒಂದು. ಅಷ್ಟನ್ನೂ ಅವನ ನಂಬರಿಗೆ ಕಳಿಸಿದೆ. ಅಜ್ಜಿ ಉಟ್ಟು ಹಳತಾದ ಒಂದು ಹಸಿರು ಸೀರೆಯನ್ನೂ ಅವನು ಕೇಳಿ ಪಡೆದುಕೊಂಡ.

ನಮ್ಮ ಕಡೆ ರಾಗಿಕಲ್ಲನ್ನು ಬರಿದಾಗಿ ತಿರುಗಿಸುವುದಿಲ್ಲ. ಮಕ್ಕಳು ಆಟಕ್ಕೆ ತಿರುಗಿಸಿದರೂ ಬೆನ್ನ ಮೇಲೆ ಏಟು ಬೀಳುತ್ತದೆ. ಬೀಸಿ ಮುಗಿದ ಮೇಲೂ ಕಲ್ಲಿನ ಬಾಯಲ್ಲಿ ಒಂದು ಹಿಡಿ ಕಾಳು ಉಳಿಸಿಯೇ ಏಳಬೇಕು. ಬರಿಗಲ್ಲು ತಿರುಗಿದ ಮನೆ ಬರಿದಾಗುತ್ತದೆ ಎಂದು ನಂಬಿಕೆ. ಕಲ್ಲನ್ನು ಟೆಂಪೋಗೆ ಏರಿಸುವಾಗ ಅಜ್ಜಿ ಅದರ ಬಾಯಿಗೆ ಒಂದು ಹಿಡಿ ರಾಗಿ ಹಾಕಿ, ಮೇಲೆ ಬಟ್ಟೆ ಕಟ್ಟಿ, ಇದನ್ನು ಖಾಲಿ ಮಾಡಬೇಡಪ್ಪ, ಖಾಲಿ ತಿರುಗಿಸಬೇಡಪ್ಪ ಎಂದು ಎರಡು ಸಲ ಹೇಳಿದಳು. ಅವನು ಎರಡು ಸಲವೂ ಆಗಲಿ ಪಾಟಿ ಎಂದ.

ಮುಂದಿನ ವರ್ಷ ನಮ್ಮ ಫ್ಯಾಕ್ಟರಿಯವರು ಲೈನಿನ ಹೆಂಗಸರನ್ನೆಲ್ಲ ಬಸ್ಸಿನಲ್ಲಿ ಅದೇ ಪಾರ್ಕಿಗೆ ಕರೆದುಕೊಂಡು ಹೋದರು. ನಾನು ಇಳಿದ ಕೂಡಲೇ ‘ಹಳ್ಳಿ ಮನೆ’ ಎಲ್ಲಿ ಎಂದು ಕೇಳಿದೆ. ಅಂಥದ್ದು ಯಾವುದೂ ಇಲ್ಲ ಎಂದರು. ಇನ್ನೂ ಕಟ್ಟಿಲ್ಲವೇನೋ ಎಂದುಕೊಂಡು ಎಲ್ಲರ ಜೊತೆ ದೆವ್ವದ ಮನೆಗೆ ಹೋದೆ. ಕತ್ತಲಲ್ಲಿ ಹಳಿಯ ಮೇಲೆ ಒಂದು ಬಂಡಿ ನಮ್ಮನ್ನು ಹೊತ್ತುಕೊಂಡು ಹೋಗುತ್ತದೆ, ಅಲ್ಲಲ್ಲಿ ಬೊಂಬೆಗಳು ಎದ್ದು ಬಂದು ಹೆದರಿಸಬೇಕು, ಇಷ್ಟೇ ಅದರ ಕಥೆ.

ಯಾವ ಬೊಂಬೆಯೂ ಯಾರನ್ನೂ ಹೆದರಿಸಲಿಲ್ಲ. ಪೆಟ್ಟಿಗೆಯಿಂದ ಹಾರಬೇಕಾದ ಅಸ್ಥಿಪಂಜರ ಪುಸ್ ಎಂದು ಅರ್ಧ ಎದ್ದು ಕೂತುಬಿಟ್ಟಿತು. ಇಂಥ ಗಾಳಿಯ ಸಿಲಿಂಡರುಗಳ ನಡುವೆಯೇ ನನ್ನ ದಿನ ಕಳೆಯುವುದು, ಅದರ ಸೀಲು ಹೋಗಿದೆ ಎಂದು ಸದ್ದಿನಲ್ಲೇ ತಿಳಿಯಿತು. ಹೆಣವೊಂದು ಏಳುತ್ತ ನಡುಗುತ್ತಿತ್ತು, ಅದರ ಬೆಲ್ಟು ಜಾರುತ್ತಿತ್ತು. ರಾಕ್ಷಸನ ಒಂದು ಕಣ್ಣಿನ ಬಲ್ಬು ಸುಟ್ಟಿತ್ತು, ಮೀಸೆ ಒಂದು ಕಡೆ ಕಿತ್ತು ನೇತಾಡುತ್ತಿತ್ತು. ನಮ್ಮ ಲೈನಿನವಳೊಬ್ಬಳು ಅವನಿಗೆ ಟೀ ಆಯ್ತಾ ಎಂದು ಕೇಳಿದಳು. ನಗುತ್ತಲೇ ಕೊನೆಯ ತಿರುವಿಗೆ ಬಂದೆವು. ಬಂಡಿ ಅಲ್ಲಿ ನಿಂತಿತು, ಕೆಂಪು ದೀಪ ಹತ್ತಿತು.

ಒಬ್ಬಳು ಮುದುಕಿ ಕಾಲು ಚಾಚಿ ಕೂತು ರಾಗಿ ಬೀಸುತ್ತಿದ್ದಳು. ಬೀಸುತ್ತಿದ್ದಳು ಎನ್ನುವುದೂ ಸುಳ್ಳು. ಕಲ್ಲನ್ನು ಮೋಟಾರು ತಿರುಗಿಸುತ್ತಿತ್ತು, ಸ್ಪಂಜಿನ ಕೈಯನ್ನು ಗೂಟಕ್ಕೆ ಕಟ್ಟುಕಂಬಿಯಲ್ಲಿ ಬಿಗಿದಿದ್ದರಿಂದ ಅದು ಕಲ್ಲಿನ ಹಿಂದೆ ಹಿಂದೆ ಎಳೆದುಕೊಂಡು ಹೋಗುತ್ತಿತ್ತು. ಕತ್ತು ಕಟ್, ಕಟ್, ಕಟ್ ಎಂದು ಮೂರು ಸಲ ನಿಂತು ನಮ್ಮ ಕಡೆ ತಿರುಗಿತು. ದವಡೆ ಜೋತುಬಿತ್ತು, ಸ್ಪೀಕರಿನಿಂದ ಒಂದು ನಗು ಬಂತು. ಪಕ್ಕದವಳು, ಇದ್ದುದರಲ್ಲಿ ಈ ಮುದುಕಿ ವಾಸಿ ಎಂದಳು. ನಾನೂ ನಕ್ಕೆ. ನಕ್ಕಿದ್ದು ಮೊದಲು, ಗುರುತು ಹತ್ತಿದ್ದು ಆಮೇಲೆ. ಹಸಿರು ಸೀರೆ. ಓಲೆಯ ಭಾರಕ್ಕೆ ಎಂದೋ ಹರಿದುಹೋದ ಎಡಗಿವಿ. ಮೊಣಕೈಯಿಂದ ಇಳಿದು ಬಂದ ಹಚ್ಚೆ. ಬಂಡಿ ಹೊರಟುಬಿಟ್ಟಿತು, ನಾನು ಹಿಂದಕ್ಕೆ ತಿರುಗಿ ನೋಡುತ್ತಲೇ ಇದ್ದೆ. ಕಲ್ಲಿನ ಬಾಯಿ ಖಾಲಿಯಾಗಿತ್ತು.

ಅಜ್ಜಿಗೆ ಹೇಳಲಿಲ್ಲ. ಹೋದಾಗಲೆಲ್ಲ ಅವಳು, ನನ್ನ ಕಲ್ಲು ನೋಡಲು ಯಾವಾಗ ಕರೆದುಕೊಂಡು ಹೋಗುತ್ತೀಯ ಎಂದು ಕೇಳುವಳು. ಮಳೆ ಕಳೆಯಲಿ, ಹಬ್ಬ ಮುಗಿಯಲಿ ಎಂದು ತಳ್ಳುತ್ತ ಬಂದೆ. ಊರಿನ ಶಾಲೆಯ ಮಕ್ಕಳು ಅಲ್ಲಿಗೆ ಪ್ರವಾಸ ಹೋಗಿ ಬಂದರೆ ಏನು ಗತಿ ಎಂದು ದಿನವೂ ಯೋಚಿಸುತ್ತಿದ್ದೆ. ಕೊನೆಗೆ ಒಂದು ದಿನ ರಜೆ ಹಾಕಿ ಮ್ಯಾನೇಜರಿನ ಮುಂದೆ ಹೋಗಿ ನಿಂತೆ.

ಅವನಿಗೆ ನನ್ನ ಗುರುತು ಸಿಕ್ಕಿತು. ಪಾಟಿ ಚೆನ್ನಾಗಿದ್ದಾರಾ, ಆ ಮುದ್ದೆಯ ರುಚಿ ಇನ್ನೂ ನಾಲಿಗೆಯ ಮೇಲಿದೆ ಎಂದ. ಬೊಂಬೆ ತೆಗೆಯಿರಿ, ಕಲ್ಲು ವಾಪಸು ಕೊಡಿ ಎಂದೆ. ಹಳ್ಳಿ ಮನೆಯ ಯೋಜನೆ ಕೈಬಿಟ್ಟೆವು, ತಂದ ಸಾಮಾನನ್ನು ಎಲ್ಲಾದರೂ ಬಳಸಬೇಕಲ್ಲ ಎಂದ. ನಮ್ಮ ಅಜ್ಜಿ ಬದುಕಿದ್ದಾಳೆ, ಬದುಕಿರುವವಳನ್ನು ದೆವ್ವ ಮಾಡಿದ್ದೀರಿ ಎಂದೆ. ಅದಕ್ಕೆ ಅವನು ನಕ್ಕ.

“ಅದು ಯಾರ ಥರಾನೂ ಇಲ್ಲಮ್ಮ. ಮನುಷ್ಯರ ಥರಾನೇ ಇಲ್ಲ. ಯಾರು ಗುರುತು ಹಿಡೀತಾರೆ ಹೇಳು?”

ಹೊರಡುವಾಗ ಮನೆಮಂದಿಗೆಲ್ಲ ಎಂದು ಒಂದು ಪಾಸು ಬರೆದುಕೊಟ್ಟ. ಹರಿದು ಮುಖಕ್ಕೆ ಎಸೆಯಬೇಕೆನಿಸಿತು. ಎಸೆಯಲಿಲ್ಲ. ಗುರುತು ಹಿಡಿಯುವವರು ಯಾರು ಎಂದು ಕೇಳಿದ್ದಾನೆ, ತೋರಿಸೋಣ ಎಂದುಕೊಂಡು ಪಾಸನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡೆ. ಬಸ್ಸಿನಲ್ಲಿ ಬರುವಾಗ ಬೇಕಾದ್ದನ್ನೆಲ್ಲ ಯೋಚಿಸಿ ಮುಗಿಸಿದ್ದೆ.

ಆದರೆ ಮೊದಲು ಅಜ್ಜಿಗೆ ನಿಜ ಹೇಳಬೇಕಿತ್ತು. ಅವಳು ಅಂಗಳದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಎಲ್ಲ ಹೇಳಿದೆ, ಫೋಟೋಗಳನ್ನು ಕಳಿಸಿದ್ದು ನಾನೇ ಎಂಬುದನ್ನೂ ಸೇರಿಸಿ. ದೆವ್ವ ಎಂದಾಗ ಅವಳ ಕೈ ನಿಲ್ಲಲಿಲ್ಲ. ಕಿವಿಯ ವಿಷಯಕ್ಕೂ ನಿಲ್ಲಲಿಲ್ಲ. ಬೈದರೆ ಸಾಕೆಂದು ನಾನು ಕಾಯುತ್ತಿದ್ದೆ.

“ಕಲ್ಗೆ ರಾಗಿ ಹಾಕ್ತಾವ್ರಾ?” ಎಂದಳು.

ಇಲ್ಲ ಎಂದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಬರಿದೇ ತಿರುಗುತ್ತದೆ ಎಂದೆ. ಅಜ್ಜಿಯ ಕೈ ನಿಂತಿತು. ಭಾನುವಾರ ಕರೆದುಕೊಂಡು ಹೋಗು ಎಂದಳು.

ಭಾನುವಾರ ಅವಳು ಎರಡು ಪಾವು ರಾಗಿಯನ್ನು ಬಟ್ಟೆಯಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಪಾರ್ಕಿನ ಬಾಗಿಲಲ್ಲಿ ತಪಾಸಣೆ ಮಾಡುವ ಹೆಂಗಸು ಇದೇನೆಂದು ಕೇಳಿದ್ದಕ್ಕೆ, ಹಕ್ಕಿಗೆ ಹಾಕಲು ಎಂದು ತಮಿಳಿನಲ್ಲಿ ಹೇಳಿ ಒಳಗೆ ನಡೆದಳು. ಸಾನಮಾವು ಕಾಡಿನಿಂದ ಇಳಿದ ಆನೆ ಹಿತ್ತಲಲ್ಲಿ ನಿಂತಿದ್ದಾಗಲೂ ಹಸುವಿನ ಕೆಚ್ಚಲು ಬಿಟ್ಟು ಏಳದವಳು ಅವಳು. ದೆವ್ವದ ಮನೆಯ ಅಸ್ಥಿಪಂಜರವನ್ನು ನೋಡಿ, ಪಾಪ, ಉಂಡು ಎಷ್ಟು ದಿನವಾಯಿತೋ ಎಂದಳು. ಕೊನೆಯ ತಿರುವಿನಲ್ಲಿ ಬಂಡಿ ಹತ್ತು ಎಣಿಸುವಷ್ಟು ಹೊತ್ತು ನಿಲ್ಲುತ್ತದೆ ಎಂಬುದು ನನಗೆ ಗೊತ್ತಿತ್ತು. ಅಜ್ಜಿಯ ತೋಳು ಹಿಡಿದು ಇಳಿಸಿದೆ. ಬಂಡಿ ಖಾಲಿಯಾಗಿ ಮುಂದೆ ಹೋಯಿತು.

ಅಜ್ಜಿ ಬೊಂಬೆಯನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಅದರ ಹರಿದ ಕಿವಿಯನ್ನು ಮುಟ್ಟಿ ನೋಡಿದಳು. “ಇವ್ಳಿಗೆ ಬೀಸಕ್ಕೇ ಬರಲ್ಲ” ಎಂದು ಅದನ್ನು ಒಂದಿಷ್ಟು ಪಕ್ಕಕ್ಕೆ ತಳ್ಳಿ, ಕಾಲು ಚಾಚಿ ಕೂತು, ತಿರುಗುತ್ತಿದ್ದ ಕಲ್ಲಿನ ಬಾಯಿಗೆ ಒಂದೊಂದೇ ಹಿಡಿ ರಾಗಿ ಹಾಕತೊಡಗಿದಳು. ಸ್ವಲ್ಪ ಹೊತ್ತಿಗೆ ಅಂಚಿನಿಂದ ಹಿಟ್ಟು ಉದುರಿತು. ಅಜ್ಜಿ ಗುನುಗುವ ಸದ್ದೂ ಕೇಳಿಸಿತು. ನಾನು ಪ್ಲೈವುಡ್ಡಿನ ಹಿಂದೆ ನಿಂತುಕೊಂಡೆ.

ಮುಂದಿನ ಬಂಡಿಯಲ್ಲಿ ಕಾಲೇಜಿನ ಹುಡುಗಿಯರು ಬಂದರು. ಕೆಂಪು ದೀಪ ಹತ್ತಿತು, ಬೊಂಬೆಯ ಕತ್ತು ಮೂರು ಸಲ ನಿಂತು ತಿರುಗಿತು. ಅವರು ನಕ್ಕರು. ಆಮೇಲೆ ಪಕ್ಕದಲ್ಲಿದ್ದ ಇನ್ನೊಂದು ಅದೇ ಮುಖ ನಿಧಾನವಾಗಿ ತಿರುಗಿತು. ಬಂದು ಒಂದು ಕೈ ಹಾಕು ಎಂದು ಕರೆಯಿತು. ಆ ದೆವ್ವದ ಮನೆಯಲ್ಲಿ ಮೊದಲ ಸಲ ನಿಜವಾದ ಚೀರಾಟ ಎದ್ದಿದ್ದು ಆಗ. ಎರಡನೆಯ ಬಂಡಿಯಲ್ಲಿ ಒಬ್ಬ ದಪ್ಪ ಮನುಷ್ಯ ಸೀಟಿನ ಮೇಲೆ ಹತ್ತಿ ನಿಂತು ಹೆಂಡತಿಯ ಹಿಂದೆ ಅವಿತುಕೊಂಡ. ನಾನು ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದೆ. ಅಷ್ಟು ಸಂತೋಷ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಆದರೆ ನನ್ನ ಲೆಕ್ಕ ಅಷ್ಟಕ್ಕೆ ಚುಕ್ತಾ ಆಗುವಂಥದ್ದಲ್ಲ. ಬಂಡಿ ಎಲ್ಲಿದೆ ಎಂದು ನೋಡಿ ಹೇಳಲು ಹಳಿಯ ಪಕ್ಕ ಸೆನ್ಸರುಗಳಿರುತ್ತವೆ. ನಮ್ಮ ಲೈನಿನಲ್ಲೂ ಅಂಥವೇ ಇವೆ. ಅದರ ಕಣ್ಣಿನ ಮೇಲೆ ಧೂಳು ಕೂತರೆ ಲೈನು ನಿಂತುಹೋಗುತ್ತದೆ, ಪ್ರತಿ ಶಿಫ್ಟಿಗೆ ಒರೆಸದಿದ್ದರೆ ಬೈಗುಳ ತಿನ್ನುತ್ತೇವೆ. ಅಜ್ಜಿ ಬೀಸಿದ ಹಿಟ್ಟಿನಲ್ಲಿ ಒಂದು ಚಿಟಿಕೆ ತೆಗೆದುಕೊಂಡು ಹೋಗಿ ಆ ಕಣ್ಣಿಗೆ ದಪ್ಪಗೆ ಬಳಿದೆ.

ಬಂಡಿಗಳೆಲ್ಲ ಇದ್ದಲ್ಲೇ ನಿಂತವು. ಕೆಲಸದವರು ದೀಪಗಳನ್ನೆಲ್ಲ ಹಾಕಿದರು. ಬೆಳಕು ಬಿದ್ದಾಗ ಆ ಮನೆಯ ಬಂಡವಾಳ ಎಲ್ಲರಿಗೂ ಕಾಣಿಸಿತು. ಹಳೆಯ ಸೀರೆಗಳು, ಕಟ್ಟುಕಂಬಿ, ಬಣ್ಣ ಸುಲಿದ ಪ್ಲೈವುಡ್ಡು. ನಡುವೆ ಬೊಂಬೆ ಮತ್ತು ಅಜ್ಜಿ ಅಕ್ಕಪಕ್ಕ. ನಿಂತ ಎರಡು ಬಂಡಿಗಳ ಜನ ಆಗಲೇ ಫೋನು ಎತ್ತಿ ಹಿಡಿದಿದ್ದರು. ಮ್ಯಾನೇಜರು ಓಡಿಬಂದ. ನನ್ನನ್ನು ನೋಡಿದ, ಅಜ್ಜಿಯನ್ನು ನೋಡಿದ, ಹೆಜ್ಜೆ ನಿಧಾನ ಮಾಡಿದ.

“ಈಗ ಹೇಳಿ ಸಾರ್, ಇದು ಯಾರ ಥರಾ ಇದೆ?” ಎಂದು ನಾನು ಎಲ್ಲರಿಗೂ ಕೇಳುವಂತೆ ಕೇಳಿದೆ.

ಬಂಡಿಯಲ್ಲಿದ್ದ ಒಬ್ಬ ತಾಯಿ ಮಗುವಿಗೆ, ನೋಡು, ಈ ಅಜ್ಜಿಯನ್ನೇ ಬೊಂಬೆ ಮಾಡಿದ್ದಾರೆ, ಪಾಪ ಎಂದಳು. ಅದು ಅವನಿಗೂ ಕೇಳಿಸಿತು. ಅಜ್ಜಿಯ ಮುಂದೆ ಬಗ್ಗಿ, ತಪ್ಪಾಯಿತು ಪಾಟಿ, ನಾಳೆಯೇ ಕಲ್ಲನ್ನು ಟೆಂಪೋದಲ್ಲಿ ಮನೆಗೆ ಕಳಿಸುತ್ತೇನೆ ಎಂದ. ನಾನು ಗೆದ್ದೆ ಎಂದುಕೊಂಡೆ.

ಅಜ್ಜಿ ಕಲ್ಲಿನ ಕಡೆ ಬಗ್ಗಿ ನೋಡಿದಳು. ಕೆಳಗಲ್ಲಿನ ನಡುವೆ ತೂತು ಕೊರೆದು ಕಬ್ಬಿಣದ ರಾಡು ಏರಿಸಿದ್ದರು. ಹಿಟ್ಟು ತರಿತರಿಯಾಗಿ ಬಂದಿತ್ತು. ಅವಳು ಅಷ್ಟನ್ನೂ ಬಟ್ಟೆಗೆ ಬಳಿದುಕೊಂಡು ಗಂಟು ಹಾಕಿದಳು. ಆಮೇಲೆ ಕಲ್ಲಿನ ಬಾಯೊಳಗೆ ಬೆರಳಿಟ್ಟು, ಉಳಿದಿದ್ದ ಕಾಳನ್ನೆಲ್ಲ ಒಂದೊಂದಾಗಿ ಕೆದಕಿ ತೆಗೆದಳು. ಕೊನೆಗೆ ಸೆರಗಿನ ತುದಿಯಿಂದ ಒಳಗನ್ನು ಒರೆಸಿದಳು. ಹುಟ್ಟಿದಾಗಿನಿಂದ ನಾನು ಅವಳನ್ನು ನೋಡುತ್ತಿದ್ದೇನೆ, ಒಂದು ದಿನವೂ ಕಲ್ಲನ್ನು ಬರಿದು ಮಾಡಿ ಎದ್ದವಳಲ್ಲ.

“ನಮ್ಮನೇಲಿ ಎರಡ್ ಮುದ್ದೆ ಉಂಡೆಯಲ್ಲ, ಅದು ಇದ್ರ ಹಿಟ್ಟೇ ಕಣಪ್ಪ” ಎಂದು ಅಜ್ಜಿ ಅವನಿಗೆ ಸಮಾಧಾನದಲ್ಲೇ ಹೇಳಿದಳು. “ಕಲ್ಲು ನೀನೇ ಮಡಿಕ್ಕೊ. ಬರಿಗಲ್ಲು ತಿರುಗಿಸ್ಕೊಂಡಿರು.”

ಅವನು ಬದುಕಿದೆ ಎನ್ನುವಂತೆ ಕೈಮುಗಿದ. ಏನು ಸಿಕ್ಕಿತೆಂದು ಅವನಿಗೆ ತಿಳಿಯಲಿಲ್ಲ. ಆ ವಿಡಿಯೋಗಳು ಎಲ್ಲೆಲ್ಲೋ ಓಡಾಡಿದವು. ಕೆಲವು ತಿಂಗಳಿಗೆ ದೆವ್ವದ ಮನೆಗೆ ಬೀಗ ಬಿತ್ತು, ಅವನನ್ನು ಕೆಲಸದಿಂದ ಕಳಿಸಿದರು ಎಂದು ಸುದ್ದಿ ಬಂತು. ನಾನು ಈಗಲೂ ಆ ಕಡೆಯವರು ಸಿಕ್ಕರೆ ವಿಚಾರಿಸುತ್ತೇನೆ. ಬೇರೆ ಕೆಲಸ ಸಿಕ್ಕಿಲ್ಲವಂತೆ ಎಂದರೆ ಹೊಟ್ಟೆ ತಣ್ಣಗಾಗುತ್ತದೆ. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ.

ನನಗೆ ಅಜ್ಜಿ ಏನೂ ಅನ್ನಲಿಲ್ಲ. ಆ ತರಿ ಹಿಟ್ಟಿನಲ್ಲೇ ಮುದ್ದೆ ಕಟ್ಟಿ ನನಗೂ ಬಡಿಸಿದಳು. ನಾನು ಕಳಿಸಿದ ಫೋಟೋಗಳ ಮಾತು ಅವಳ ಬಾಯಲ್ಲಿ ಒಮ್ಮೆಯೂ ಬರಲಿಲ್ಲವಾದ್ದರಿಂದ ಮರೆತಿದ್ದಾಳೆ ಎಂದೇ ತಿಳಿದಿದ್ದೆ. ಕಳೆದ ಯುಗಾದಿಗೆ ಮನೆಮಂದಿಯೆಲ್ಲ ಸೇರಿದ್ದೆವು. ಅಂಗಳದಲ್ಲಿ ಅಜ್ಜಿಯನ್ನು ನಡುವೆ ಕೂರಿಸಿ ಎಲ್ಲರೂ ಸುತ್ತ ನಿಂತರು, ನಾನು ಎದುರಿಗೆ ಹೋಗಿ ಫೋನು ಎತ್ತಿದೆ. ಅಜ್ಜಿ ಕತ್ತು ತಿರುಗಿಸಿದಳು. ಮೂರು ಸಲ ನಿಲ್ಲಿಸಿ ನಿಲ್ಲಿಸಿ, ಥೇಟ್ ಆ ಬೊಂಬೆಯ ಹಾಗೆ, ಮುಖವನ್ನು ನನ್ನ ಕಡೆಗೆ ತಂದು ದವಡೆ ಜೋಲುಬಿಟ್ಟಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವಳು ಮಾತ್ರ ನಗಲಿಲ್ಲ.

“ಇದ್ನ ಯಾರ್ಗೆ ಕಳಿಸ್ತೀಯಾ ಅಮ್ಮಣ್ಣಿ?” ಎಂದಳು.